ಮೀನಿನ ಪಾಲಿನ ಐಸು

"ಏ ವರ್ಡೀ! ಈಗ್ತಾನೆ ಉಚ್ಚೆಗೆ ಹೋಗ್ಬಂದಲ್ಲೇ, ಮತ್ಯಾಕ್ ಕೈ ಎತ್ತಿದೀಯ? ನಿನ್ ತೂಬೇನು ಕಿತ್ತೋಗದಾ?"

ಮೇಸ್ತ್ರಿ ಡ್ವೈಟ್ ಕೇಗಲ್‌ನ ಗಂಟಲು ಯಂತ್ರದ ಸದ್ದನ್ನೂ ಮೀರಿ ಇಡೀ ಸಾಲಿಗೆ ಕೇಳಿಸಿತು. ಎರಡೂ ಕಡೆ ನಿಂತಿದ್ದ ಹೆಂಗಸರು ಯಾರೂ ತಲೆ ಎತ್ತಲಿಲ್ಲ. ತಲೆ ಎತ್ತಿದರೆ ಚಾಕು ಬೆರಳಿಗೆ ಬರುತ್ತದೆ. ವರ್ಡೀ ಪಿಟ್‌ಮನ್ ಕೈಯಲ್ಲಿದ್ದ ಮೀಸೆಮೀನಿನ ಪಕ್ಕೆಯ ಮಾಂಸವನ್ನು ಮುಳ್ಳಿನಿಂದ ಒಂದೇ ಎಳೆತಕ್ಕೆ ಬಿಡಿಸಿ ಮುಂದಕ್ಕೆ ಎಸೆದಳು. ಆಮೇಲೆ ಕೈಗವುಸನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ಉಚ್ಚೆಗಲ್ಲ ಸಾ. ಮಧ್ಯಾನ್ಕೆ ಒಂದ್ಗಳಿಗೆ ಮನೆತಾವ್ಕೆ ಹೋಗ್ಬರ್ಬೇಕು. ಮಗೀನ ಔಸ್ದಿ ಇವತ್ತು ಟಪಾಲಲ್ಲಿ ಬತ್ತದೆ. ರಸ್ತೆ ಬದೀಲಿರೋದು ತಗಡಿನ ಡಬ್ಬ ಸಾ, ಈ ಬಿಸ್ಲಲ್ಲಿ ಬೆಂದೋಯ್ತದೆ."

"ಮನೆ ಬಾಗ್ಲಿಗೆ ತಂದ್ ಸುರುದ್ರೂ ನಿಮ್ ಗೋಳು ತಪ್ಪಲ್ಲ. ಒಳಗೆ ಐಸಿನ ಚೀಲ ಮಡ್ಗಿ ಕಳ್ಸಿರ್ತಾರೆ ಕಣೆ, ಅದೂ ಗೊತ್ತಿಲ್ವಾ?"

"ಐಸಿನ ಚೀಲ ಎಷ್ಟೊತ್ ತಡ್ದಾತು ಸಾ..."

"ತಡೀತದೆ ಅಂತ ವಿಮೆಯೋರೇ ಹೇಳವ್ರೆ. ಅವ್ರಿಗಿಂತ ನೀನ್ ಬಲ್ಲೋಳಾ? ಹೋಗೋದಾದ್ರೆ ಹೋಗವ್ವ, ಯಾರ್ ಕೈ ಹಿಡ್ಕೊಂಡವ್ರೆ? ಗೈರಾಜ್ರಿ ಬೀಳ್ತದೆ. ಇನ್ನೊಂದು ಬಿದ್ರೆ ನಿನ್ ಕೆಲ್ಸ ಹೋಯ್ತದೆ, ಕೆಲ್ಸದ ಜೊತೆ ವಿಮೆ ಕಾರ್ಡೂ ಹೋಯ್ತದೆ. ಆಮೇಲೆ ನಿನ್ ಮಗೀಗೆ ಸಕ್ಕರೆ ಪಾನಕ ಕುಡ್ಸು."

ಅಂದವನು ತನ್ನ ಮಾತಿಗೆ ತಾನೇ ನಕ್ಕು ಆ ಕಡೆ ಹೋದ. ವರ್ಡೀ ಇನ್ನೊಂದು ಮೀನು ಎತ್ತಿಕೊಂಡಳು. ಪಕ್ಕದಲ್ಲಿದ್ದ ಲುವೀನಿಯಾ, ಇಪ್ಪತ್ತು ವರ್ಷದಿಂದ ಅವಳ ಪಕ್ಕದಲ್ಲೇ ನಿಂತು ಮೀನು ಬಿಡಿಸಿದವಳು, ತುಟಿ ಅಲುಗಿಸದೆ ಹೇಳಿದಳು.

"ಬಡ್ಡೀಮಗನ ನಾಲ್ಗೆ ಸೇದೋಗ. ಬುಡಕ್ಕ, ಸಂಜೆ ಬೇಗ ಹೋಗುವ."

ಮಿಸಿಸಿಪ್ಪಿಯ ಆ ಬಯಲಲ್ಲಿ ಹತ್ತಿ ಹೊಲಗಳನ್ನು ಅಗೆದು ಮೀನಿನ ಕೆರೆ ಮಾಡಿದ ಮೇಲೆ ಕರಿಯರ ಕೇರಿಯ ಹೆಂಗಸರಿಗೆ ಹತ್ತಿ ಬಿಡಿಸುವ ಬದಲು ಮೀನು ಬಿಡಿಸುವ ಕೆಲಸ ಬಂತು. ಅವ್ವಂದಿರನ್ನು ಹೊಲದಲ್ಲಿ ದುಡಿಸಿದ ದಣಿಗಳ ಮಕ್ಕಳೇ ಈಗ ಕಾರ್ಖಾನೆಯ ದಣಿಗಳು. ಬಿಸಿಲು ಹೋಗಿ ಥಂಡಿ ಬಂದದ್ದೊಂದೇ ಬದಲಾವಣೆ. ಹೊರಗೆ ಮಣ್ಣು ಸುಡುತ್ತಿದ್ದರೂ ಕಾರ್ಖಾನೆಯ ಒಳಗೆ ಹಲ್ಲು ಕಟಕಟ ಅನ್ನುವ ಚಳಿ. ಚಳಿ ಇರುವುದು ಷಿಕಾಗೋಗೆ ಹೋಗುವ ಮೀನಿಗೆ, ಹೆಂಗಸರಿಗಲ್ಲ.

ವರ್ಡೀಗೆ ಇದ್ದದ್ದು ಒಬ್ಬಳೇ ಮಗಳು, ಜೊನೆಲ್. ಎಳೆಯದರಲ್ಲೇ ಸಕ್ಕರೆ ಕಾಯಿಲೆ ಹಿಡಿದಿತ್ತು. ಮುದುಕರಿಗೆ ಬರುವಂಥದ್ದಲ್ಲ, ಇನ್ಸುಲಿನ್ ಚುಚ್ಚದಿದ್ದರೆ ಜೀವವೇ ನಿಲ್ಲದ ಜಾತಿಯದು. ಆದರೂ ಹುಡುಗಿ ಸೊರಗಿದವಳಲ್ಲ. ಶಾಲೆಯ ಬ್ಯಾಂಡಿನಲ್ಲಿ ದೊಡ್ಡ ಡೋಲು ಅವಳದೇ. ಹುಡುಗರು ಹೊರಲು ಹೆದರುವ ಡೋಲನ್ನು ಎದೆಗೆ ಕಟ್ಟಿಕೊಂಡು ಊರಿಗೆಲ್ಲ ಕೇಳುವಂತೆ ಬಾರಿಸುತ್ತಿದ್ದಳು.

ಹೋದ ವರ್ಷದ ತನಕ ಇನ್ಸುಲಿನ್ ಕೊಳ್ಳುತ್ತಿದ್ದದ್ದು ಸಮ್ರಾಲ್ ಅಂಗಡಿಯಲ್ಲಿ. ಕಾರ್ಖಾನೆಯ ಊಟದ ಕೋಣೆಯ ಕಿಟಕಿಯಲ್ಲಿ ನಿಂತರೆ ಆ ಅಂಗಡಿಯ ಹಸಿರು ಬೋರ್ಡು ಕಾಣುತ್ತದೆ, ಅಷ್ಟು ಹತ್ತಿರ. ಮುದುಕ ಸಮ್ರಾಲ್ ಶೀಶೆಯನ್ನು ಫ್ರಿಜ್ಜಿನಿಂದ ತೆಗೆದು, ಒದ್ದೆ ಬಟ್ಟೆ ಸುತ್ತಿ ಕೈಗಿಟ್ಟು, "ಸೀದಾ ಮನೆಗೆ ಹೋಗು ಮಗಾ, ದಾರೀಲಿ ಹರಟೆ ಹೊಡೀಬ್ಯಾಡ" ಅಂತ ಗದರಿಸಿ ಕಳಿಸುತ್ತಿದ್ದ. ದಣಿಗಳು ವಿಮೆ ಬದಲಾಯಿಸಿದರು, ಹೊಸ ಕಾರ್ಡು ಬಂತು. ಹೊಸ ಕಾರ್ಡು ನಡೆಯುವುದು ಒಂದೇ ಔಷಧಿ ಅಂಗಡಿಯಲ್ಲಿ. ಅದು ವಿಮೆಯವರದೇ ಅಂಗಡಿ. ಯಾವ ಸೀಮೆಯಲ್ಲಿದೆಯೋ ಕಂಡವರಿಲ್ಲ, ಔಷಧಿ ಟಪಾಲಿನಲ್ಲಿ ಬರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಡಾಕ್ಟರು ಬರೆದುಕೊಟ್ಟರೂ ಇಂಥಲ್ಲೇ ಕೊಳ್ಳಬೇಕು ಅನ್ನುವುದು ವಿಮೆಯವರ ಹುಕುಂ. ಕಾರ್ಡಿಲ್ಲದೆ ಕೊಳ್ಳೋಣವೆಂದರೆ ಮೀನು ಬಿಡಿಸುವವಳ ವಾರದ ಕೂಲಿ ಪೂರ್ತಿ ಸುರಿದರೂ ಒಂದು ಶೀಶೆ ಬಾರದು. ಹಳೆಯ ಶೀಶೆ ತಳ ಕಾಣುವ ದಿನ ಲೆಕ್ಕ ಹಾಕಿಯೇ ಹೊಸದನ್ನು ಕಳಿಸುತ್ತಿದ್ದರು. ಒಂದು ದಿನ ಮುಂಚೆ ಅಂದರೆ ಪ್ರಾಣ ಹೋದರೂ ಇಲ್ಲ.

ಅವತ್ತು ಗುರುವಾರ. ಪಾಳಿ ಮುಗಿದೊಡನೆ ಹೆಂಗಸರೆಲ್ಲ ಎಂದಿನಂತೆ ಬಕೆಟ್ಟು ಹಿಡಿದು ಐಸಿನ ಗುಡ್ಡೆಯ ಹತ್ತಿರ ಹೋದರು. ಬೇಸಗೆಯಲ್ಲಿ ಮನೆಗೊಂದು ಬಕೆಟ್ಟು ಐಸು ಒಯ್ಯುವುದು ಅಲ್ಲಿನ ರೂಢಿ. ಆ ಕಾರ್ಖಾನೆಯಲ್ಲಿ ಬಿಟ್ಟಿ ಸಿಕ್ಕುತ್ತಿದ್ದದ್ದು ಅದೊಂದೇ, ಅದೂ ಕೆಳಗೆ ಚೆಲ್ಲಿದ್ದು. ವರ್ಡೀ ಬಕೆಟ್ಟು ತುಂಬಿಕೊಂಡು ಲುವೀನಿಯಾಳ ಹಳೇ ಕಾರಿನಲ್ಲಿ ಮನೆಗೆ ಬಂದಳು.

ತಗಡಿನ ಟಪಾಲು ಡಬ್ಬದ ಬಾಗಿಲು ಮುಟ್ಟಿದರೆ ಬೆರಳು ಚುರ್ ಅಂದಿತು. ಒಳಗಿದ್ದ ಪೊಟ್ಟಣ ಒಲೆಯಿಂದ ಇಳಿಸಿದ ಬಾಂಡ್ಲಿಯ ಹಾಗೆ ಕಾದಿತ್ತು. ಅಲ್ಲೇ ರಸ್ತೆಯಲ್ಲಿ ಕೂತು ಹರಿದು ನೋಡಿದಳು. ಐಸಿನ ಚೀಲ ಬೆಚ್ಚಗಿನ ಅಂಬಲಿಯಾಗಿತ್ತು. ಅದರ ನಡುವೆ ಇನ್ಸುಲಿನ್ ಶೀಶೆಗಳು.

"ಅಯ್ಯೋ ನನ್ ದೇವ್ರೆ! ಬಿಸಿಯಾಗೋಗದಲ್ಲೇ ಲುವೀನಿ! ಮುಟ್ ನೋಡು!"

"ತಣ್ಸಕ್ಕ, ಬೇಗ ತಣ್ಸು!"

ಬೆಚ್ಚಗಾದ ಮೀನನ್ನು ಕೆಡದಂತೆ ಉಳಿಸಬೇಕಾದರೆ ಏನು ಮಾಡಬೇಕು ಅನ್ನುವುದು ಆ ಊರಿನಲ್ಲಿ ಎಳೆ ಕೂಸಿಗೂ ಗೊತ್ತು. ಐಸಿನಲ್ಲಿ ಹೂಳಬೇಕು, ಮೇಲೆ ಉಪ್ಪು ಎರಚಬೇಕು. ಉಪ್ಪು ಬಿದ್ದರೆ ಐಸು ಇನ್ನೂ ಕಚ್ಚುತ್ತದೆ. ವರ್ಡೀ ಅಡುಗೆಮನೆಗೆ ಓಡಿದಳು. ಬಕೆಟ್ಟಿನ ಐಸಿಗೆ ಉಪ್ಪಿನ ಡಬ್ಬವನ್ನೇ ಸುರಿದಳು. ಶೀಶೆಗಳನ್ನು ಆಳಕ್ಕೆ ತಳ್ಳಿ ಮುಚ್ಚಿದಳು. ಆಮೇಲೆ ಬಕೆಟ್ಟಿನ ಮೇಲೆ ಎರಡೂ ಕೈ ಇಟ್ಟು, ಸ್ವಾಮಿ ಯೇಸುವೇ, ಕೆಡದಂಗೆ ಕಾಯಪ್ಪ ಅಂತ ಬೇಡಿಕೊಂಡಳು.

ಸಂಜೆ ಡೋಲು ಬಾರಿಸಿ ಬೆವತು ಬಂದ ಜೊನೆಲ್ ಬಕೆಟ್ಟಿನಿಂದ ಒಂದು ಶೀಶೆ ತೆಗೆದಳು.

"ಏನವ್ವಾ ಇದು, ಮೀನ್ ಜೊತೆ ಇದ್ನೂ ಷಿಕಾಗೋಗೆ ಕಳಿಸ್ತೀಯಾ?"

"ಬಾಯ್ಮುಚ್ಕೊಂಡ್ ಚುಚ್ಕೊಳೆ. ಅದ್ರ ಹಿಂದೆ ಓಡಾಡಿ ನನ್ ಜೀವ ಹೋಗದೆ."

ಶೀಶೆಯೊಳಗಿನದು ಕಲ್ಲಿನಂತೆ ಗಟ್ಟಿಯಾಗಿತ್ತು. ಅಂಗೈಯಲ್ಲಿ ಉಜ್ಜಿ ಕರಗಿಸಿಕೊಂಡು ಚುಚ್ಚಿಕೊಂಡಳು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಹುಡುಗಿ ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು, ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದಳು. ಉಸಿರು ತಿದಿ ಒತ್ತಿದ ಹಾಗೆ ಏರಿಳಿಯುತ್ತಿತ್ತು. ಬಾಯಿ ಕೊಳೆತ ಹಣ್ಣಿನಂತೆ ನಾರುತ್ತಿತ್ತು. ಆ ನಾತ ವರ್ಡೀಗೆ ಗೊತ್ತು. ಕಾಯಿಲೆ ಮೊದಲು ಬಂದಾಗಲೂ ಹೀಗೇ ನಾರಿತ್ತು. ಶೀಶೆಗಳನ್ನು ಏಪ್ರನ್ನಿನ ಅಂಚಿಗೆ ಗಂಟು ಕಟ್ಟಿಕೊಂಡು, ಮಗಳನ್ನು ಕಾರಿಗೆ ಹತ್ತಿಸಿ, ಲುವೀನಿಯಾಳ ಜೊತೆ ಸಮ್ರಾಲ್ ಅಂಗಡಿಗೆ ಬಂದಳು.

ಸಮ್ರಾಲ್ ಶೀಶೆಯನ್ನು ಬೆಳಕಿಗೆ ಹಿಡಿದ. ಒಳಗೆ ಮೊಸರೊಡೆದಂತೆ ಸಣ್ಣ ಚೂರುಗಳು ತೇಲುತ್ತಿದ್ದವು.

"ಇದನ್ನೇನ್ ಮಾಡ್ದೆ ವರ್ಡೀ?"

ಅವಳು ಹೇಳಿದಳು. ಐಸು ಅಂದಳು, ಉಪ್ಪು ಅಂದಳು. ಮುದುಕ ಕಣ್ಣು ಮುಚ್ಚಿಕೊಂಡ.

"ಇನ್ಸುಲಿನ್ ಗಡ್ಡೆ ಕಟ್ಬಾರ್ದು ಕಣವ್ವ. ಬಿಸ್ಲು ಅರ್ಧ ಕೊಂದಿತ್ತು, ಮಿಕ್ಕಿದ್ನ ಐಸು ಕೊಂದ್ಬುಡ್ತು. ಇದು ಬರೀ ನೀರು."

ವರ್ಡೀ ಗಲ್ಲಾ ಹಿಡಿದು ನಿಂತಳು. ಸಮ್ರಾಲ್‌ನ ಹಿಂದೆ ಗಾಜಿನ ಬಾಗಿಲಿನ ಫ್ರಿಜ್ಜು. ಅದರಲ್ಲಿ ಅದೇ ಹೆಸರಿನ, ಅದೇ ಬಣ್ಣದ ಮುಚ್ಚಳದ ಶೀಶೆಗಳು ಸಾಲಾಗಿ ನಿಂತಿದ್ದವು. ಅವನು ಅವಳ ಕಾರ್ಡನ್ನು ಯಂತ್ರಕ್ಕೆ ಉಜ್ಜಿದ. ಯಂತ್ರ ಒಲ್ಲೆ ಅಂದಿತು. ಮತ್ತೆ ಉಜ್ಜಿದ. ಮತ್ತೆ ಒಲ್ಲೆ ಅಂದಿತು. ವಿಮೆಯವರಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಗಲ್ಲಾದ ಮೇಲಿಟ್ಟ. ಎಷ್ಟೋ ಹೊತ್ತು ಸಂಗೀತ ಬಾರಿಸಿ, ಕಡೆಗೊಂದು ಹೆಣ್ಣು ದನಿ ಬಂತು.

"ನಿಮ್ಮ ಆರೋಗ್ಯವೇ ನಮ್ಮ ಕಾಳಜಿ. ಹೇಳಿ, ಏನು ಸಹಾಯ ಬೇಕಿತ್ತು?"

ಸಮ್ರಾಲ್ ಹೇಳಿದ. ಹುಡುಗಿ ಸಾಯ್ತಾಳೆ ಅಂತಲೂ ಹೇಳಿದ.

"ಕೇಳಿ ತುಂಬಾ ಬೇಸರವಾಯಿತು. ಔಷಧಿಯನ್ನು ಸದಸ್ಯರು ಹೆಪ್ಪುಗಟ್ಟಿಸಿದ್ದರೇ?"

"ಬಿಸಿಯಾಗೋಗಿತ್ತು ತಾಯಿ, ಅದ್ಕೇ ಐಸಲ್ಲಿ ಮಡ್ಗಿದ್ದೆ," ಅಂದಳು ವರ್ಡೀ. ಸುಳ್ಳು ಹೇಳುವುದು ಅವಳಿಗೆ ಹೊಳೆಯಲೇ ಇಲ್ಲ.

"ಹಾಗಾದರೆ ಕ್ಷಮಿಸಿ. ಸದಸ್ಯರ ಅಜಾಗರೂಕತೆಯಿಂದ ಹಾಳಾದ ಔಷಧಿಗೆ ಬದಲಿ ಸಿಗುವುದಿಲ್ಲ. ಮುಂದಿನ ಶೀಶೆಗಳು ನಿಗದಿಯಾದ ದಿನ ನಿಮ್ಮ ಮನೆ ಬಾಗಿಲಿಗೇ ಬರುತ್ತವೆ. ನೀವೀಗ ಇರುವ ಅಂಗಡಿ ನಮ್ಮ ಪಟ್ಟಿಯಲ್ಲಿಲ್ಲ. ಇನ್ನೇನಾದರೂ ಸಹಾಯ ಬೇಕೇ?"

"ನಿಮ್ ವಂಸ ಹಾಳಾಗ! ಹೆತ್ತೋಳೇನೇ ನೀನು?" ಲುವೀನಿಯಾ ಫೋನಿನ ಮೇಲೆ ಬಿದ್ದು ಕಿರುಚಿದಳು. ಆ ಕಡೆಯವಳು ಶುಭದಿನ ಅಂತ ಹೇಳಿ ಇಟ್ಟಳು.

ಸಮ್ರಾಲ್ ಫ್ರಿಜ್ಜು ತೆಗೆದು ಹೊಸ ಶೀಶೆಯೊಂದರಿಂದ ಸೂಜಿಗೆ ಎಳೆದುಕೊಂಡು, ಕಾರಿನ ಹತ್ತಿರ ಹೋಗಿ, ಹುಡುಗಿಯ ತೋಳಿಗೆ ತಾನೇ ಚುಚ್ಚಿದ.

"ಕಾಸು ಗೀಸು ಅನ್ಬ್ಯಾಡ ನನ್ ಹತ್ರ. ಇದು ನನ್ ಕೈ ಮೀರದೆ, ದೊಡ್ಡಾಸ್ಪತ್ರೆಗೆ ಓಡ್ಸಿ. ಎಲ್ಲೂ ನಿಲ್ಲಿಸ್ಬ್ಯಾಡಿ."

ಊರಿನ ಆಸ್ಪತ್ರೆಗೆ ಬೀಗ ಬಿದ್ದು ವರ್ಷಗಳಾಗಿದ್ದವು. ದೊಡ್ಡಾಸ್ಪತ್ರೆ ಇದ್ದದ್ದು ಮೂರು ತಾಲೂಕು ದಾಟಿ. ದಾರಿಯ ಉದ್ದಕ್ಕೂ ವರ್ಡೀ ಮಗಳ ಕೆನ್ನೆ ತಟ್ಟುತ್ತಲೇ ಇದ್ದಳು. ಮೊದಮೊದಲು ಜೊನೆಲ್ ಹ್ಞೂಂ ಅನ್ನುತ್ತಿದ್ದಳು, ಆಮೇಲೆ ಅದೂ ನಿಂತಿತು.

ಭಾನುವಾರವೆಲ್ಲ ಹುಡುಗಿ ಕಣ್ಣು ಬಿಡಲಿಲ್ಲ. ಮೂಗಿಗೆ ನಳಿಗೆ, ಕೈಗೆ ನಳಿಗೆ. ಮಿದುಳಿಗೆ ಬಾವು ಬಂದಿದೆ, ಕಾದು ನೋಡಬೇಕು ಅಂದರು ಡಾಕ್ಟರು. ಸೋಮವಾರ ಬೆಳಗಾಗುವ ಮುಂಚೆ ವರ್ಡೀ ತನ್ನ ಅವ್ವನನ್ನು ಮಗಳ ಪಕ್ಕ ಕೂರಿಸಿ ಎದ್ದಳು.

"ಎಲ್ಲಿಗೇ?" ಅಂದಳು ಮುದುಕಿ.

"ಕೆಲ್ಸಕ್ಕೆ."

"ನಿಂಗೇನ್ ತಲೆ ಕೆಟ್ಟದಾ? ಮಗು ಇಲ್ಲಿ ಹಿಂಗ್ ಬಿದ್ದದೆ!"

"ಅದ್ಕೇ ಕಣವ್ವಾ ಹೋಗೋದು. ಇವತ್ತು ಗೈರಾದ್ರೆ ಕೆಲ್ಸ ಹೋಯ್ತದೆ. ಕೆಲ್ಸ ಹೋದ್ರೆ ಕಾರ್ಡು ಹೋಯ್ತದೆ. ಕಾರ್ಡು ಹೋದ್ರೆ ಈ ಆಸ್ಪತ್ರೆಯೋರಿಗೆ ಯಾರ್ ಕೊಡ್ತಾರೆ? ನಾನು ಮೀನ್ ಕೊಯ್ತಿದ್ರೇನೇ ಇದು ಇಲ್ಲಿ ಮಲ್ಗಿರೋದು."

ಹೀಗೆ ಹೇಳಿ, ಮಗಳ ಪಾದ ಮುಟ್ಟಿ ನೋಡಿ, ಹೊರಟುಬಂದಳು.

ಸಾಲಿನಲ್ಲಿ ನಿಂತು ಡ್ವೈಟ್‌ಗೆ ಎಲ್ಲ ಹೇಳಿಕೊಂಡಳು. ಮಧ್ಯಾಹ್ನವಾದರೂ ಬಿಡು ಸಾ ಅಂತ ಅಂಗಲಾಚಿದಳು. ಅವನು ಪೂರ್ತಿ ಕೇಳಿಸಿಕೊಂಡ. ಐಸಿನ ಸುದ್ದಿ ಬಂದಾಗ ಹುಬ್ಬೇರಿಸಿದ. "ನೋಡಾನ" ಅಂದು ಹೋದವನು ನೋಡಲೇ ಇಲ್ಲ.

ಊಟದ ಹೊತ್ತಿಗೆ ಆಫೀಸಿನ ಶೆಲ್ಬಿ ವಿಕರ್ಸ್ ಡೋನಟ್ಟಿನ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಊಟದ ಕೋಣೆಗೆ ಬಂದಳು. ವಿಮೆಯ ಬಗ್ಗೆ ತಿಳಿವಳಿಕೆ ಕೊಡುವ ಸಭೆಯಂತೆ. ಕಮ್ಮಗೆ ನಾರುವ ಹೆಂಗಸು, ಮೀನಿನ ವಾಸನೆ ತಾಗದಂತೆ ಬಾಗಿಲ ಹತ್ತಿರವೇ ನಿಂತಳು. ಪಕ್ಕದಲ್ಲಿ ಡ್ವೈಟ್, ಬಾಯ್ತುಂಬ ಡೋನಟ್ಟು.

"ನಿಮ್ಮೆಲ್ಲರ ಅನುಕೂಲಕ್ಕಾಗಿಯೇ ಮಾಲೀಕರು ಈ ವಿಮೆ ಮಾಡಿಸಿದ್ದಾರೆ. ಅಂಗಡಿಗೆ ಅಲೆಯೋದು ಬೇಡ, ಕ್ಯೂ ನಿಲ್ಲೋದು ಬೇಡ. ಆದರೆ ಔಷಧಿಯನ್ನ ಜೋಪಾನ ಮಾಡೋದು ನಿಮ್ಮ ಜವಾಬ್ದಾರಿ ಅಲ್ವಾ? ಈಗ ನೋಡಿ, ಹೆಸರು ಹೇಳಲ್ಲ, ನಮ್ಮಲ್ಲೇ ಒಬ್ಬರು ಇನ್ಸುಲಿನ್‌ನ ಮೀನಿನ ಥರ ಐಸಲ್ಲಿ ಹೂತಿಟ್ಟರಂತೆ. ಉಪ್ಪು ಬೇರೆ ಹಾಕಿ!"

ಡ್ವೈಟ್ ಬಾಯಲ್ಲಿದ್ದ ಡೋನಟ್ಟು ಹೊರಬರುವಂತೆ ನಕ್ಕ.

"ಜೋಳದ ಹಿಟ್ಟಲ್ಲಿ ಹೊಳ್ಳಾಡ್ಸಿ ಎಣ್ಣೇಲಿ ಕರೀಲಿಲ್ವಂತಾ?"

ಶೆಲ್ಬಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಮಿಕ್ಕ ಯಾರೂ ನಗಲಿಲ್ಲ. ಹೆಂಗಸರ ಕಣ್ಣೆಲ್ಲ ವರ್ಡೀಯ ಕಡೆ ಹೋದವು. ವರ್ಡೀ ಕುರ್ಚಿ ಹಿಂದಕ್ಕೆ ತಳ್ಳಿದಳು. ಎದ್ದು ನಿಂತಳು.

"ಒಂದ್ ಮಾತು ಕೇಳ್ಲಾ ಅಮ್ಮಾ?"

"ಕೇಳಿ, ಕೇಳಿ."

"ನನ್ ಮಗಳು ಎದ್ ಬಂದ್ರೆ, ಅವ್ಳ ಔಸ್ದಿ ಮುಂದಕ್ಕೆ ಎಲ್ಲಿಂದ ತರ್ಲಿ?"

"ಮೊದಲಿನ ಹಾಗೇ. ಟಪಾಲಿನಲ್ಲಿ ಮನೆಗೇ ಬರುತ್ತೆ."

"ಆ ಕಿಟ್ಕೀಲಿ ನೋಡಿ, ಹಸ್ರು ಬೋರ್ಡು ಕಾಣ್ತದೆ. ಅಲ್ಲಿ ಫ್ರಿಜ್ಜಲ್ಲಿ ಅದೆ. ಅಲ್ಲಿ ತರ್ಲಾ?"

"ಅದು ಪಟ್ಟಿಯಲ್ಲಿಲ್ಲ."

"ಹೋಗ್ಲಿ, ಟಪಾಲ್ ಬರೋ ದಿನ ಒಂದ್ಗಳಿಗೆ ಮನೆಗ್ ಬುಡ್ತೀರಾ?"

"ಅದು ಡ್ವೈಟ್ ಅವರಿಗೆ ಬಿಟ್ಟದ್ದು."

"ಗೈರಾಜ್ರಿ," ಅಂದ ಡ್ವೈಟ್, ಬೆರಳು ನೆಕ್ಕಿಕೊಳ್ಳುತ್ತ.

ವರ್ಡೀ ಕಿಟಕಿಯಾಚೆಯ ಹಸಿರು ಬೋರ್ಡನ್ನು ನೋಡಿದಳು. ಆಮೇಲೆ "ಸರಿ" ಅಂದು ಕೂತಳು. ಅವಳ ಮುಂದಿದ್ದ ಡೋನಟ್ಟನ್ನು ಲುವೀನಿಯಾ ಎತ್ತಿ ಕಸದ ಬುಟ್ಟಿಗೆ ಎಸೆದಳು.

ಊಟವಾದ ಮೇಲೆ ಷಿಕಾಗೋ ಲಾರಿ ತುಂಬುವ ಸರದಿ. ಬಿಡಿಸಿದ ಮೀನನ್ನು ಮೇಣದ ರಟ್ಟಿನ ಪೆಟ್ಟಿಗೆಗೆ ತುಂಬಿ, ದೊಡ್ಡ ಕೊಳವೆಯ ಕೆಳಗೆ ತಳ್ಳಿ, ಹಿಡಿ ಎಳೆದರೆ ಮೇಲಿನಿಂದ ಐಸು ಸುರಿಯುತ್ತದೆ. ಎದೆಮಟ್ಟ ಐಸು ಹೊದ್ದು ಮೀನು ಲಾರಿ ಹತ್ತುತ್ತದೆ. ಲಾರಿಯೊಳಗೂ ಮತ್ತೆ ಚಳಿ ಯಂತ್ರ. ವರ್ಡೀ ತನ್ನ ಜಾಗ ಬಿಟ್ಟು ನೇರ ಕೊಳವೆಯ ಹತ್ತಿರ ಹೋದಳು. ಹಿಡಿ ಹಿಡಿದಿದ್ದ ಹೆಂಗಸಿನ ಕೈ ಮೇಲೆ ಕೈ ಇಟ್ಟಳು.

"ನಿಲ್ಸವ್ವ. ಇವತ್ತು ಐಸು ಬ್ಯಾಡ."

"ಯಾಕಕ್ಕಾ?"

"ಇವತ್ತು ಮೀನು ಟಪಾಲಲ್ಲಿ ಹೋಯ್ತದೆ."

ಆ ಹೆಂಗಸಿನ ಗಂಡನ ಬಿ.ಪಿ. ಮಾತ್ರೆ ಬರಬೇಕಾದ ವಾರ ಬಾರದೆ, ಅವನ ಬಾಯಿ ಒಂದು ಕಡೆಗೆ ತಿರುಗಿತ್ತು. ಅವಳು ವರ್ಡೀಯ ಮುಖ ನೋಡಿದಳು, ಹಿಡಿಯನ್ನು ಬಿಟ್ಟಳು. ವರ್ಡೀ ಒಂದು ಪೆಟ್ಟಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಹಿಂಬಾಗಿಲಿನಿಂದ ಹೊರಗೆ ನಡೆದಳು. ಲಾರಿಯ ಕಡೆಗಲ್ಲ. ಗೇಟಿನಾಚೆ, ಕಾರ್ಖಾನೆಯ ಟಪಾಲು ಡಬ್ಬ ನೆಟ್ಟಿದ್ದ ಕಂಬದ ಕೆಳಗೆ, ಕುದಿಯುವ ಡಾಂಬರಿನ ಮೇಲೆ ಇಟ್ಟಳು. ಹಿಂದೆಯೇ ಲುವೀನಿಯಾ ಒಂದು ಪೆಟ್ಟಿಗೆ ತಂದಳು. ಅವಳ ಹಿಂದೆ ಹಿಡಿ ಬಿಟ್ಟವಳು. ಅವಳ ಹಿಂದೆ, ಉಬ್ಬಸದ ಮಗನಿಗೆ ಬಾಯಿಗಿಟ್ಟು ಎಳೆಯುವ ಮದ್ದು ಕಾಯುತ್ತಿದ್ದವಳು. ಯಾರೂ ಯಾರನ್ನೂ ಕರೆಯಲಿಲ್ಲ. ಸಾಲಿನಲ್ಲಿ ಚಾಕುಗಳು ಒಂದೊಂದಾಗಿ ಸುಮ್ಮನಾದವು. ಬಿಳೀ ಏಪ್ರನ್ನಿನ ಹೆಂಗಸರು ಇರುವೆಸಾಲಿನ ಹಾಗೆ ಪೆಟ್ಟಿಗೆ ಹೊತ್ತು ಬರುತ್ತಲೇ ಇದ್ದರು.

ಡ್ವೈಟ್ ಓಡಿ ಬಂದ. ಮುಖ ಬೇಯಿಸಿದ ಸೀಗಡಿಯ ಬಣ್ಣವಾಗಿತ್ತು.

"ಏನ್ ಮಾಡ್ತಿದೀರ ಮುಂಡೇವಾ! ಐಸಿಲ್ದೆ ಇಡೀ ಲೋಡು ಕೊಳ್ತೋಯ್ತದೆ! ಎತ್ರೇ ಒಳಕ್ಕೆ!"

"ಒಳಗೆ ಐಸಿನ ಚೀಲ ಅದೆ ಸಾ," ಅಂದಳು ವರ್ಡೀ. "ತಡೀತದಂತೆ."

"ಎಲ್ಲೇ ಅದೆ ಚೀಲ?"

"ಅಯ್ಯೋ, ಕಂಪ್ನಿಯೋರಿಗಿಂತ ನೀನ್ ಬಲ್ಲೋನಾ?" ಲುವೀನಿಯಾ ಪೆಟ್ಟಿಗೆಯ ಮೇಲೆ ಕೂತು ಕಾಲು ಚಾಚಿದಳು. "ಮನೆ ಬಾಗ್ಲಿಗೇ ತಂದ್ ಮಡ್ಗೀವಿ. ನಿಮ್ ಅನುಕೂಲ್ಕೆ."

"ಎಲ್ರ ಕೆಲ್ಸನೂ ಹೋಯ್ತದೆ! ಕಾರ್ಡೂ ಹೋಯ್ತದೆ! ಏ ವರ್ಡೀ, ನಿನ್ ಮಗಳು ಆಸ್ಪತ್ರೇಲಿ ಬಿದ್ದವಳೆ, ನೆಪ್ಪಿರ್ಲಿ! ಕಾರ್ಡ್ ಹೋದ್ರೆ ಏನ್ ಮಾಡ್ತೀಯ?"

ಎಲ್ಲರೂ ವರ್ಡೀಯ ಕಡೆ ನೋಡಿದರು. ಅವಳು ಏಪ್ರನ್ನಿನ ಕೆಳಗೆ ಕೈ ಹಾಕಿ ಕಾರ್ಡು ತೆಗೆದಳು. ಇಷ್ಟು ದಿನ ಅದಕ್ಕಾಗಿ ಉಚ್ಚೆ ತಡೆದಿದ್ದಳು, ಬೈಗುಳ ನುಂಗಿದ್ದಳು, ಸಾಯಬಿದ್ದ ಮಗಳನ್ನು ಬಿಟ್ಟು ಬಂದಿದ್ದಳು.

"ಇದ್ನ ಉಳಿಸ್ಕೊಂಡ್ ಏನ್ ಮಾಡ್ಲೋ? ಅವ್ಳು ಎದ್ ಬಂದ್ರೂ ಇದು ಕೊಡೋದು ಅದೇ ಕಾದ ಡಬ್ಬ, ಅದೇ ಬೆಂದ ನೀರು. ಇನ್ನೊಂದ್ ಸಲ ಕೊಲ್ಲಕ್ಕೆ ಇದು ಬೇಕಾ ನಂಗೆ? ನೀನ್ ಮೀನಿಗ್ ಮಾಡೋ ಕಾಳಜಿ ನನ್ ಮಗೀಗ್ ಮಾಡ್ಲಿಲ್ವಲ್ಲೋ, ಹಲ್ಕಾ ನನ್ಮಗನೆ!"

ಕಾರ್ಡನ್ನು ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟು, ಮೀನು ಬಿಡಿಸುವ ಚಾಕುವನ್ನು ಅದರ ನಡುವೆ ಹಿಡಿಯ ತನಕ ಇಳಿಸಿದಳು. ಡ್ವೈಟ್ ಎರಡು ಹೆಜ್ಜೆ ಹಿಂದೆ ಸರಿದ. ಅವನ ಹಿಂದೆ ಶೆಲ್ಬಿ ಯಾರಿಗೋ ಫೋನು ಹಚ್ಚುತ್ತಿದ್ದಳು. ದೂರದಲ್ಲಿ ಸಮ್ರಾಲ್ ತನ್ನ ಅಂಗಡಿಯ ಮೆಟ್ಟಿಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ.

ವರ್ಡೀ ಆ ಪೆಟ್ಟಿಗೆಯ ಪಕ್ಕದ ಪೆಟ್ಟಿಗೆಯ ಮೇಲೆ ಕೂತಳು. ಮೊಬೈಲನ್ನು ಮಡಿಲಲ್ಲಿಟ್ಟುಕೊಂಡಳು. ಆಸ್ಪತ್ರೆಯಿಂದ ಅವ್ವ ಇನ್ನೂ ಫೋನು ಮಾಡಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಖಾಲಿ ಲಾರಿ ತನ್ನ ಚಳಿ ಯಂತ್ರವನ್ನು ಗುಂಯ್ ಅನ್ನಿಸುತ್ತ ನಿಂತೇ ಇತ್ತು. ರಟ್ಟಿನ ಮೂಲೆಗಳಿಂದ ನೀರು ಜಿನುಗಿ ಡಾಂಬರಿನ ಮೇಲೆ ಹರಿಯತೊಡಗಿತು, ಮೆಲ್ಲಗೆ ನಾತ ಎದ್ದಿತು.

ಮೊದಲ ನೊಣ ಬಂದು ಕಾರ್ಡಿನ ಮೇಲೆ ಕೂತಿತು. ಯಾರೂ ಅದನ್ನು ಓಡಿಸಲಿಲ್ಲ.